ಎತೆರಿ ಕೊಟ್ಟ ಅರ್ಧ ಅಂಕ

ಲಮಾರಾ ತೋದುವಾ ಮದುವೆಯಾಗಿ ಜಾರ್ಜಿಯಾದ ಝುಗ್ದಿದಿ ಊರಿನ ಗಂಡನ ಮನೆಗೆ ಬಂದಾಗ ಅವಳ ಜೊತೆ ಎರಡು ಹಾಸಿಗೆ, ಒಂದು ತಾಮ್ರದ ಹಂಡೆ, ಒಂದು ಚದುರಂಗದ ಮಣೆ ಬಂದವು. ಹೆಣ್ಣಿನ ಜೊತೆ ಮಣೆ ಕಳಿಸುವುದು ಆ ಕಡೆಯವರ ಹಳೆಯ ಪದ್ಧತಿ. ಬಂದ ಮಣೆ ಸಾಮಾನ್ಯವಾಗಿ ಗೋಡೆಗೆ ಒರಗಿಕೊಂಡು ಕೂತಿರುತ್ತದೆ, ಅಷ್ಟೇ. ಮದುವೆಯ ಮೂರನೆಯ ದಿನ ಮಾವ ಹುರುಪಿನಿಂದ, "ಬಾರಮ್ಮ ಸೊಸೆ, ಒಂದು ಕೈ ನೋಡೇಬಿಡೋಣ" ಎಂದು ಮಣೆ ಹಾಸಿ ಕೂತರು. ಇಪ್ಪತ್ತೆರಡು ನಡೆಗಳಲ್ಲಿ ಸೋತರು. ಎರಡನೆಯ ಆಟ ಹದಿನೇಳರಲ್ಲೇ ಮುಗಿಯಿತು. ಆಮೇಲೆ ಸಾಯುವತನಕ ಅವರು ಆ ಮಣೆಯನ್ನು ಮುಟ್ಟಲಿಲ್ಲ. ಆದರೆ ಊರೆಲ್ಲ ತಿರುಗಿ, "ನನ್ ಸೊಸೆ ನನ್ನನ್ನೇ ಮಣ್ಣು ಮುಕ್ಕಿಸಿದ್ಳು, ಗೊತ್ತೇನ್ರಯ್ಯಾ?" ಎಂದು ಹೇಳಿಕೊಂಡು ಬಂದರು.

ಹಗಲು ಅವಳದು ಚಹಾ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ. ಒಣಗಿದ ಎಲೆಯನ್ನು ಒಂದು ಹಿಡಿ ಎತ್ತಿ ಮೂಸಿ, ಇದು ಒಂದನೆಯ ದರ್ಜೆ, ಇದು ಮೂರನೆಯದು ಎಂದು ಚೀಟಿ ಅಂಟಿಸುತ್ತಿದ್ದಳು. ಒಮ್ಮೆ ಅಂಟಿಸಿದ ಚೀಟಿಯನ್ನು ಕಿತ್ತು ಇನ್ನೊಂದು ಅಂಟಿಸಿದ್ದನ್ನು ಯಾರೂ ಕಂಡವರಿಲ್ಲ. ಮಣೆಯ ಮುಂದೆಯೂ ಹಾಗೆಯೇ. ಬೇರೆಯವರು ಅರ್ಧ ಗಂಟೆ ತಲೆ ಕೆರೆದುಕೊಳ್ಳುವ ಕಡೆ ಇವಳು ಎರಡು ನಿಮಿಷ ನೋಡಿ ಕಾಯಿ ಸರಿಸಿ, ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಊರಿನ ಚದುರಂಗ ಸಂಘದಲ್ಲಿ ಅವಳನ್ನು ತಯಾರು ಮಾಡಿದ ಅರ್ಚಿಲ್ ಎಂಬ ಮುದುಕನಿಗೆ ಒಂದು ಕಿವಿ ಪೂರ್ತಿ ಕೇಳುತ್ತಿರಲಿಲ್ಲ. "ಇವಳಿಗೆ ಅನುಮಾನ ಅನ್ನೋ ಕಾಯಿಲೆಯೇ ಇಲ್ಲ. ಅದಕ್ಕೇ ಗೆಲ್ತಾಳೆ, ಅದಕ್ಕೇ ಸೋಲ್ತಾಳೆ" ಎಂದು ಆತ ಎಲ್ಲರಿಗೂ ಕೇಳುವಂತೆ ಕಿರುಚಿ ಹೇಳುತ್ತಿದ್ದ.

1972ರ ನವೆಂಬರಿನಲ್ಲಿ ಟಿಬಿಲಿಸಿಯಲ್ಲಿ ನಡೆದ ಜಾರ್ಜಿಯಾದ ಮಹಿಳಾ ಪಂದ್ಯಾವಳಿಗೆ ಅವಳು ಹೋದದ್ದು ನಾಲ್ಕನೆಯ ಸಲ. ಆಗ ಅವಳಿಗೆ ಮೂವತ್ತೊಂದು. ಹಿಂದಿನ ಮೂರು ಸಲವೂ ಮಾಸ್ಟರ್ ಪದವಿ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಈ ಸಲ ಕೊನೆಯ ಸುತ್ತಿಗೆ ಬರುವಾಗ ಬೇಕಾಗಿದ್ದದ್ದು ಅರ್ಧ ಅಂಕ ಮಾತ್ರ. ಒಂದು ಡ್ರಾ ಸಾಕಿತ್ತು. ಆದರೆ ಎದುರಿಗೆ ಬಂದವಳು ಎತೆರಿ ಗಬೂನಿಯಾ.

ಎತೆರಿ ಸುಖುಮಿಯವಳು, ಸಮುದ್ರ ದಂಡೆಯ ಊರಿನ ಪಿಯಾನೋ ಮೇಷ್ಟ್ರು. ನಲವತ್ತನಾಲ್ಕು ವಯಸ್ಸು, ಎತ್ತರದ ಹೆಂಗಸು, ಯಾವಾಗಲೂ ಕಪ್ಪು ಉಣ್ಣೆಯ ಅಂಗಿ. ಮೂರು ಸಲ ಚಾಂಪಿಯನ್ ಆಗಿದ್ದಳು. ಇಪ್ಪತ್ತು ವರ್ಷದ ಆಟದಲ್ಲಿ ಅವಳು ತಾನಾಗಿ ಯಾರನ್ನೂ ಡ್ರಾ ಕೇಳಿದವಳಲ್ಲ. ಹೆತ್ತ ತಾಯಿ ಎದುರಿಗೆ ಕೂತರೂ ಕೇಳುವುದಿಲ್ಲ ಎಂದು ಆಟಗಾರ್ತಿಯರು ನಗಾಡುತ್ತಿದ್ದರು. ಅವತ್ತು ಅವಳು ಗೆದ್ದರೆ ಮೊದಲ ಸ್ಥಾನದಲ್ಲಿ ಪಾಲು. ಡ್ರಾ ಆದರೆ ಬರಿಯ ಮೂರನೆಯ ಸ್ಥಾನ.

ಐದು ಗಂಟೆ ಆಡಿದರು. ನಲವತ್ತನೆಯ ನಡೆ ಮುಗಿದಾಗ ಮಣೆಯ ಮೇಲೆ ಎತೆರಿಗೆ ಒಂದು ಆನೆ, ಎರಡು ಕಾಲಾಳು ಉಳಿದಿದ್ದವು. ಲಮಾರಾಗೆ ಒಂದು ಆನೆ, ಒಂದು ಕಾಲಾಳು. ಹೊತ್ತು ಮೀರಿತ್ತು. ಆಗಿನ ನಿಯಮದಂತೆ ಆಟ ಮರುದಿನ ಬೆಳಿಗ್ಗೆಗೆ ನಿಂತಿತು. ಮುಂದಿನ ನಡೆ ಎತೆರಿಯದು. ಅವಳು ಅದನ್ನು ಮಣೆಯ ಮೇಲೆ ಆಡದೆ ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಅಂಟಿಸಿ ತೀರ್ಪುಗಾರ ಪ್ಲಾಟೋನ್‌ರ ಕೈಗೆ ಕೊಟ್ಟಳು. ಮರುದಿನ ಆಟ ಕೂಡುವತನಕ ಒಳಗೇನಿದೆಯೆಂದು ಬರೆದವಳಿಗಷ್ಟೇ ಗೊತ್ತು.

ಸಂಜೆ ಹೋಟೆಲಿನಲ್ಲಿ ಲಮಾರಾ, ಅರ್ಚಿಲ್ ಇಬ್ಬರೂ ಆ ಸ್ಥಿತಿಯನ್ನು ಮುಂದಿಟ್ಟುಕೊಂಡು ಮೂರು ಗಂಟೆ ಕೂತರು. ಕಂಡದ್ದು ಸರಳವಾಗಿತ್ತು. ಎತೆರಿ ಕಾಲಾಳನ್ನು ಮೊದಲು ಮುಂದೆ ತಳ್ಳಿದ್ದರೆ ಲಮಾರಾ ಹಿಂದಿನಿಂದ ಆನೆಯಲ್ಲಿ ಚೆಕ್ ಕೊಡುತ್ತಾ ಬಚಾವಾಗುತ್ತಾಳೆ. ರಾಜನನ್ನು ಎಡಕ್ಕೆ ಒಂದು ಮನೆ ಸರಿಸಿದ್ದರೆ ಕತೆ ಮುಗಿಯಿತು. ಏನು ಮಾಡಿದರೂ ಹನ್ನೆರಡು ನಡೆಗಳಲ್ಲಿ ಕಾಲಾಳು ಮಂತ್ರಿಯಾಗುತ್ತದೆ.

"ಅವಳು ಕಾಲಾಳು ತಳ್ಳಿರಬಹುದಲ್ವಾ?" ಲಮಾರಾ ಕೇಳಿದಳು.

ಅರ್ಚಿಲ್ ಕೇಳುವ ಕಿವಿಯನ್ನು ತಿರುಗಿಸಿದ. "ಯಾರು? ಎತೆರಿನಾ? ಆ ರಾಜನ ನಡೆ ನಿಮ್ಮತ್ತೆಗೂ ಕಾಣುತ್ತೆ. ಹೋಗು, ಮಲ್ಕೋ. ಬೆಳಿಗ್ಗೆ ಚೆನ್ನಾಗಿ ತಿಂದು, ಸೋತು, ರೈಲು ಹತ್ತೋಣ."

ಲಮಾರಾ ಅಳಲಿಲ್ಲ. ಸೋಲು ಎಂದು ಚೀಟಿ ಅಂಟಿಸಿಕೊಂಡು ಮಲಗಿದಳು, ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಹಸಿವೂ ಬಂತು. ಹೋಟೆಲಿನ ಊಟದ ಮನೆಯಲ್ಲಿ ಗಿಣ್ಣು ತುಂಬಿದ ಬಿಸಿಬಿಸಿ ರೊಟ್ಟಿ, ಖಾಚಪುರಿ, ಮಾಡಿದ್ದರು. ಒಂದು ತಿಂದಳು, ಎರಡು ಮೊಟ್ಟೆ ತಿಂದಳು, ಬಡಿಸುವವಳ ಹತ್ತಿರ ಹುಳಿ ಚಟ್ನಿ ಕೇಳಿ ಇನ್ನೊಂದು ಖಾಚಪುರಿ ಹಾಕಿಸಿಕೊಂಡಳು. ಬಡಿಸುವವಳೂ ಝುಗ್ದಿದಿಯ ಕಡೆಯವಳೇ. ಅವಳು ತನ್ನ ಭಾವನ ಕತ್ತೆ ಮದುವೆ ದಿಬ್ಬಣಕ್ಕೆ ನುಗ್ಗಿದ ಕತೆ ಹೇಳಿದಾಗ ಲಮಾರಾ ಗಟ್ಟಿಯಾಗಿ ನಕ್ಕಳು. ಎರಡು ಮೇಜಿನ ಆಚೆ ಎತೆರಿ ಒಬ್ಬಳೇ ಖಾಲಿ ಚಹಾ ಕುಡಿಯುತ್ತಾ ಕೂತಿದ್ದಳು. ಕೊಂಚ ಹೊತ್ತಾದ ಮೇಲೆ ಎದ್ದು ಬಂದಳು.

"ಲಮಾರಾ."

ಬಾಯಿ ತುಂಬ ಖಾಚಪುರಿ ಇದ್ದುದರಿಂದ ಅವಳು ತಲೆ ಮಾತ್ರ ಎತ್ತಿದಳು.

"ಡ್ರಾ ಮಾಡ್ಕೊಳ್ಳೋಣ್ವಾ?"

ಲಮಾರಾ ಬಾಯಲ್ಲಿದ್ದದ್ದನ್ನು ನುಂಗಿಕೊಂಡಳು. "ಏನಂದ್ರಿ?"

"ಡ್ರಾ ಕಣೇ. ಅರ್ಧ ನಿಂಗೆ, ಅರ್ಧ ನಂಗೆ. ಹೂಂ ಅಂತೀಯೋ, ಇಲ್ಲ ಹನ್ನೊಂದು ಗಂಟೆಗೆ ಮತ್ತೆ ಕೂರಬೇಕೋ?"

ಲಮಾರಾ ಎದ್ದು ನಿಂತಳು. ಕೈಯೆಲ್ಲ ಬೆಣ್ಣೆ. ಅದನ್ನು ಒರೆಸಿಕೊಳ್ಳಬೇಕೆಂದು ಹೊಳೆಯುವುದರೊಳಗೆ ಎತೆರಿ ಆ ಕೈಯನ್ನೇ ಹಿಡಿದು ಕುಲುಕಿಬಿಟ್ಟಳು.

ಇಬ್ಬರೂ ಆಟದ ಮನೆಗೆ ನಡೆದು ಪ್ಲಾಟೋನ್‌ರ ಮುಂದೆ ಸಹಿ ಹಾಕಿದರು. ಪ್ಲಾಟೋನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇಬ್ರಿಗೂ ಒಪ್ಪಿಗೆ ತಾನೇ?" ಎಂದು ಎರಡು ಸಲ ಕೇಳಿದರು. ಹೊರಡುವ ಹೊತ್ತಿಗೆ ಲಮಾರಾಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಬತೊನೊ ಪ್ಲಾಟೋನ್, ಯಜಮಾನರೇ, ಆ ಲಕೋಟೆ ತೆಗೆದು ನೋಡಬಹುದಾ?"

"ಆಟ ಮುಗೀತಲ್ಲಮ್ಮ. ಇನ್ನೇನು ನೋಡೋದು?"

ಎತೆರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ನೋಡ್ಕೊಳ್ಳಿ, ನಂಗೇನಂತೆ" ಎಂದು ಹೊರಟೇಹೋದಳು. ಬಾಗಿಲ ಹತ್ತಿರವೂ ತಿರುಗಿ ನೋಡಲಿಲ್ಲ.

ಪ್ಲಾಟೋನ್ ಹಣ್ಣಿನ ಚಾಕುವಿನಿಂದ ಲಕೋಟೆ ಸೀಳಿದರು. ಚೀಟಿಯಲ್ಲಿ ಮಕ್ಕಳ ಕೈಬರಹದಷ್ಟು ದುಂಡಗೆ ಬರೆದಿತ್ತು: ರಾಜ, ಎಡಕ್ಕೆ ಒಂದು ಮನೆ.

ಅರ್ಚಿಲ್ ಓಡಿಬಂದು ಚೀಟಿ ನೋಡಿ ಹಣೆ ಚಚ್ಚಿಕೊಂಡ. "ಗೆದ್ದಿದ್ಳಲ್ಲೇ! ಗೆದ್ದೇ ಬಿಟ್ಟಿದ್ಳಲ್ಲೇ!"

"ಹಾಗಾದ್ರೆ ಯಾಕೆ?"

"ಹಾಂ?"

"ಯಾಕೆ ಅಂತ ಕೇಳ್ದೆ!"

"ನನ್ನನ್ನೇನು ಕೇಳ್ತೀಯ, ನಾನೇನು ಅವಳ ಗಂಡನಾ? ಕೊಟ್ಳು, ತಗೊಂಡೆ. ನೀನೀಗ ಮಾಸ್ಟರ್. ಬಾಯಿ ಮುಚ್ಕೊಂಡು ನಡಿ."

ಝುಗ್ದಿದಿಯಲ್ಲಿ ಗಂಡ ಸೆವೆರಿಯನ್ ಔತಣ ಇಟ್ಟುಕೊಂಡಿದ್ದ. ಅವನು ಬಸ್ ಚಾಲಕ. ಅವನ ದಾರಿಯ ಅರ್ಧಕ್ಕರ್ಧ ಪ್ರಯಾಣಿಕರು ಬಂದಿದ್ದರು. ಅಂಗಳದಲ್ಲಿ ಉದ್ದಕ್ಕೆ ಮೇಜು, ಜೋಳದ ಮುದ್ದೆಯೊಳಗೆ ಸಿಕ್ಕಿಸಿದ ಗಿಣ್ಣು, ಅಕ್ರೋಟಿನ ಗೊಜ್ಜಿನಲ್ಲಿ ಕೋಳಿ, ಹೂಜಿಗಟ್ಟಲೆ ವೈನ್. ಮೇಜಿನ ಯಜಮಾನಿಕೆ ವಹಿಸಿ ಒಬ್ಬೊಬ್ಬರ ಹೆಸರಲ್ಲಿ ಬಟ್ಟಲು ಎತ್ತಿಸುತ್ತಿದ್ದವನು ಸೆವೆರಿಯನ್‌ನ ಅಣ್ಣ.

"ನಮ್ಮ ಲಮಾರಾ ಹೆಸರಿಗೆ! ಸುಖುಮಿಯ ಸಿಂಹಿಣಿ ಗಡಗಡ ನಡುಗಿ, ಬೆಳಬೆಳಗ್ಗೆ ಓಡಿಬಂದು, ಅಮ್ಮಾ ತಾಯಿ ಡ್ರಾ ಕೊಡು ಅಂತ ಕಾಲು ಹಿಡಿದಳಂತೆ!"

"ಹಾಗಲ್ಲ ಭಾವ..." ಎಂದಳು ಲಮಾರಾ.

"ಹಾಗಲ್ದೆ ಇನ್ನು ಹೇಗೆ?"

ಎಲ್ಲರೂ ಬಟ್ಟಲು ಎತ್ತಿ ಕಾಯುತ್ತಿದ್ದರು. ಅವಳೂ ಎತ್ತಿದಳು.

ಊರಿನಲ್ಲಿ ತಲೆಗೊಂದು ಮಾತು ಹುಟ್ಟಿತು. ಎತೆರಿಗೆ ಹೊಟ್ಟೆನೋವು ಇತ್ತಂತೆ ಎಂದರು. ಯಾರೋ ದೊಡ್ಡವರು ಮೇಲಿನಿಂದ ಹೇಳಿಸಿದರಂತೆ ಎಂದರು. ಕಾರ್ಖಾನೆಯ ಹೆಂಗಸರು, "ಅವಳಿಗೆ ನಿನ್ನ ಮೇಲೆ ಮಮತೆ ಬಂದಿರಬೇಕು, ಪಾಪ, ಮಕ್ಕಳಿಲ್ಲದವಳು" ಎಂದರು. ಇದೆಲ್ಲ ಸುಳ್ಳೆಂದು ಲಮಾರಾಗೆ ಗೊತ್ತಿತ್ತು. ಆದರೆ ನಿಜ ಯಾವುದೆಂದು ಕೇಳಿದರೆ ಅವಳು ತಬ್ಬಿಬ್ಬಾಗುತ್ತಿದ್ದಳು. ಅವಳ ಹೆಸರು ಬರೆದ ಮಾಸ್ಟರ್ ಪದವಿಯ ಪುಸ್ತಕ ಅಂಚೆಯಲ್ಲಿ ಬಂದಾಗ ಕಪಾಟಿನಲ್ಲಿ ಅಂಗಿಗಳ ಅಡಿ ಇಟ್ಟಳು, ತಿರುಗಿ ಹೊರತೆಗೆದಳು, ತಿರುಗಿ ಇಟ್ಟಳು.

ಆಟವೂ ಕೆಟ್ಟಿತು. ಮುಂಚೆ ಯಾರಾದರೂ ಡ್ರಾ ಕೇಳಿದರೆ ಹೂಂ ಅಥವಾ ಊಹೂಂ ಎಂದು ತಟ್ಟನೆ ಹೇಳುತ್ತಿದ್ದವಳು ಈಗ ಮಣೆ ಬಿಟ್ಟು ಕೇಳಿದವರ ಮುಖ ನೋಡುತ್ತಾ ಕೂರುತ್ತಿದ್ದಳು. ಇವಳು ಯಾಕೆ ಕೇಳಿದಳು? ನಾನು ಸೋಲುತ್ತಿದ್ದೇನೆಯೇ, ಗೆಲ್ಲುತ್ತಿದ್ದೇನೆಯೇ? ಬತುಮಿಯ ಒಂದು ಪಂದ್ಯದಲ್ಲಿ ಹೀಗೇ ಮುಖ ನೋಡುತ್ತಾ ಕೂತು, ಗಡಿಯಾರದ ಹೊತ್ತು ತೀರಿ, ಗೆಲ್ಲುವ ಆಟವನ್ನೇ ಸೋತಳು. ಅರ್ಚಿಲ್ ಬಾಯಿಗೆ ಬಂದಂತೆ ಬೈದ. ಚಹಾ ಎಲೆಗೆ ಅಂಟಿಸಿದ ಚೀಟಿಯನ್ನು ಅವಳು ಮೊದಲ ಬಾರಿಗೆ ಕಿತ್ತು ಬೇರೆ ಅಂಟಿಸಿದ್ದೂ ಅದೇ ವರ್ಷ.

1974ರ ಬೇಸಿಗೆಯಲ್ಲಿ, "ಕೇಳಿಕೊಂಡೇ ಬಂದುಬಿಡ್ತೀನಿ" ಎಂದು ಗಂಡನಿಗೆ ಹೇಳಿ ಸುಖುಮಿಯ ಬಸ್ಸು ಹತ್ತಿದಳು. ಎತೆರಿಯ ಮನೆ ಸಮುದ್ರದಿಂದ ಎರಡು ಬೀದಿ ಒಳಗೆ ಇತ್ತು. ಬಾಗಿಲು ತೆರೆದ ಎತೆರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಕಾಫಿ ಕಾಸಿದಳು, ಅಂಜೂರ ತೊಳೆದು ತಂದಿಟ್ಟಳು.

"ಒಂದು ವಿಷಯ ಕೇಳೋಣ ಅಂತ ಬಂದೆ, ಕಲ್ಬತೊನೊ ಎತೆರಿ." ಹಿರಿಯ ಹೆಂಗಸನ್ನು ಮರ್ಯಾದೆಯಿಂದ ಮಾತಾಡಿಸುವ ಪದ ಹಾಕಿಯೇ ಲಮಾರಾ ಶುರುಮಾಡಿದಳು. "ಅವತ್ತು ನೀವು ಯಾಕೆ ಡ್ರಾ ಕೇಳಿದ್ರಿ?"

"ಇದನ್ನ ಕೇಳೋಕೆ ನಾಲ್ಕು ಗಂಟೆ ಬಸ್ಸಲ್ಲಿ ಬಂದ್ಯಾ?"

"ಹೂಂ."

"ಅವತ್ತು ನಾನು ರೈಲು ಹಿಡೀಬೇಕಿತ್ತು. ಮಾರನೇ ದಿನ ನನ್ನ ವಿದ್ಯಾರ್ಥಿಗಳ ಪರೀಕ್ಷೆ ಇತ್ತು."

"ಸುಖುಮಿ ರೈಲು ಸಂಜೆ ಏಳಕ್ಕೆ. ನಾನು ನೋಡಿದ್ದೀನಿ."

ಎತೆರಿ ಅಂಜೂರ ಬಿಡಿಸುವುದನ್ನು ನಿಲ್ಲಿಸಿದಳು. "ಸರಿ, ಮನಸ್ಸಿರಲಿಲ್ಲ ಅಂದ್ಕೋ. ಇಪ್ಪತ್ತು ವರ್ಷದಿಂದ ಗೆಲ್ತಾ ಇದ್ದೀನಿ, ಒಂದಿನ ಬೇಜಾರಾಯ್ತು. ಅಷ್ಟಕ್ಕೂ ನಿಂಗ್ಯಾಕೆ? ನಿಂಗೆ ಬೇಕಾಗಿದ್ದು ಸಿಕ್ತಲ್ಲ."

"ಸಿಕ್ಕಿದ್ದು ನನ್ನದೇನಾ ಅಂತ ಗೊತ್ತಾಗ್ತಿಲ್ಲ."

"ನಿನ್ನ ಹೆಸರು ಬರೆದಿದ್ದಾರಲ್ಲ ಅದರ ಮೇಲೆ? ಮತ್ತೆ ಯಾರದು?"

ಎತೆರಿ ಬಸ್ ನಿಲ್ದಾಣದವರೆಗೂ ಜೊತೆಗೆ ಬಂದಳು. ಲಮಾರಾ ಮೆಟ್ಟಿಲು ಹತ್ತಿದ ಮೇಲೆ ಕಿಟಕಿಯ ಹತ್ತಿರ ನಿಂತು, ಏನೋ ಮರೆತದ್ದು ನೆನಪಾದವಳಂತೆ ಹೇಳಿದಳು: "ನೀನು ಅವತ್ತು ಹೊಟ್ಟೆ ಬಿರಿಯೋ ಹಾಗೆ ತಿಂತಿದ್ದೆ. ನಗ್ತಿದ್ದೆ ಬೇರೆ. ಸೋಲೋಳು ಹಾಗೆ ತಿಂತಾಳಾ? ಇವಳಿಗೇನೋ ದಾರಿ ಸಿಕ್ಕಿದೆ, ನಂಗೇ ಕಾಣ್ತಿಲ್ಲ ಅನ್ನಿಸ್ತು. ಹೆದರ್ಕೊಂಡೆ."

ಬಸ್ಸು ಹೊರಟಿತು. ನಾಲ್ಕು ಗಂಟೆ ದಾರಿಯುದ್ದಕ್ಕೂ ಲಮಾರಾ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಕಾರಣ ಸರಿಯಾಗಿ ಹೊಂದುತ್ತಿತ್ತು. ಹೊಂದುತ್ತಿದ್ದುದರಿಂದಲೇ ಅನುಮಾನ ಬಂತು. ಮೊದಲಿನ ಎರಡು ನೆಪವಾದರೆ ಮೂರನೆಯ ಉತ್ತರ ಯಾಕೆ ನಿಜವಾಗಬೇಕು? ಮನೆಗೆ ಬಂದು, ಈ ಪದವಿಯನ್ನು ಹಿಂದಿರುಗಿಸಬೇಕೆಂದಿದ್ದೇನೆ ಎಂದು ಟಿಬಿಲಿಸಿಯ ಚದುರಂಗ ಕಚೇರಿಗೆ ಕಾಗದ ಬರೆದಳು. ಎರಡು ತಿಂಗಳ ಮೇಲೆ ಉತ್ತರ ಬಂತು: ಪದವಿ ಕೇಳುವ ಅರ್ಜಿಯ ನಮೂನೆ ಇದೆ, ಹಿಂದಿರುಗಿಸುವ ನಮೂನೆ ಇಲ್ಲ, ತಾವು ಏನನ್ನು ಕೋರುತ್ತಿದ್ದೀರಿ ಎಂದು ಸ್ಪಷ್ಟಪಡಿಸಬೇಕು. ಅದೇ ಅವಳಿಗೂ ಸ್ಪಷ್ಟವಿರಲಿಲ್ಲ. ಅಲ್ಲಿಗೆ ಬಿಟ್ಟಳು.

1980ರಲ್ಲಿ ಪಂದ್ಯಗಳಿಗೆ ಹೋಗುವುದನ್ನು ನಿಲ್ಲಿಸಿ, ಅರ್ಚಿಲ್ ಸತ್ತ ಮೇಲೆ ಸಂಘದಲ್ಲಿ ಹೆಣ್ಣುಮಕ್ಕಳಿಗೆ ಕಲಿಸತೊಡಗಿದಳು. ಒಳ್ಳೆಯ ಮೇಡಮ್ ಎಂದು ಹೆಸರಾಯಿತು. ಎತೆರಿಯನ್ನು ಮತ್ತೆ ಕಾಣಲಿಲ್ಲ. ಹೊಸ ವರ್ಷಕ್ಕೆ ಒಂದು ಕಾರ್ಡು ಆ ಕಡೆ, ಒಂದು ಈ ಕಡೆ, ಇಷ್ಟೇ ಉಳಿಯಿತು.

1993ರ ಸೆಪ್ಟೆಂಬರ್ ಕೊನೆಗೆ ಯುದ್ಧದಲ್ಲಿ ಸುಖುಮಿ ಎದುರು ಪಕ್ಷದ ವಶವಾಯಿತು. ಎಂಗುರಿ ನದಿ ದಾಟಿ ಅಲ್ಲಿಂದ ಓಡಿದ ಜನ ಝುಗ್ದಿದಿಗೆ ಬಂದರು, ಬರುತ್ತಲೇ ಇದ್ದರು. ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ ಎಲ್ಲ ತುಂಬಿದವು. ಚಹಾ ಕಾರ್ಖಾನೆ ಮುಚ್ಚಿತ್ತು, ಸೆವೆರಿಯನ್‌ನ ಬಸ್ಸಿಗೆ ಡೀಸೆಲ್ ಇರಲಿಲ್ಲ. ಲಮಾರಾ ಜೋಳದ ರೊಟ್ಟಿ ತಟ್ಟಿ ಬುಟ್ಟಿಯಲ್ಲಿ ಹೊತ್ತು ಶಾಲೆಗೆ ಕೊಂಡೊಯ್ಯುತ್ತಿದ್ದಳು. ಒಂದು ದಿನ ಮಧ್ಯಾಹ್ನ ನಾಲ್ಕನೆಯ ತರಗತಿಯ ಕೋಣೆಯಲ್ಲಿ, ಗಂಡಸರ ಕೋಟು ತೊಟ್ಟು ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತಿದ್ದ ಎತ್ತರದ ಮುದುಕಿಗೆ ರೊಟ್ಟಿ ಚಾಚಿದಳು. ಮುದುಕಿ ತಲೆಯೆತ್ತಿದಳು.

"ಲಮಾರಾ ಅಲ್ವಾ? ದಪ್ಪ ಆಗಿದ್ದೀಯ."

ಲಮಾರಾ ಎತೆರಿಯ ಕೈ ಹಿಡಿದು ಮನೆಗೆ ಕರೆತಂದಳು. ಬಾಗಿಲಲ್ಲಿ ನಿಂತಿದ್ದ ಸೆವೆರಿಯನ್, "ಬನ್ನಿ ಕಲ್ಬತೊನೊ, ಒಲೆ ಹತ್ತಿರದ ಮಂಚ ನಿಮ್ಮದು" ಎಂದ. ಎತೆರಿ ಒಂದು ವಾರ ಮಲಗಿಯೇ ಇದ್ದಳು. ಸುಖುಮಿಯ ಸುದ್ದಿ ಒಂದಕ್ಷರವೂ ಎತ್ತಲಿಲ್ಲ. ಆಮೇಲೆ ಎದ್ದು, ಚಳಿಗಾಲಕ್ಕೆಂದು ರಾಶಿ ಹಾಕಿದ್ದ ಅಕ್ರೋಟು ಒಡೆಯಲು ಕೂತಳು.

ಒಂದು ಮಧ್ಯಾಹ್ನ ಪಕ್ಕದ ಮನೆಯ ನಾಲ್ಕು ಹೆಂಗಸರು ಕಾಫಿಗೆ ಬಂದಿದ್ದರು. ಮಾತು ಹೇಗೋ ಚದುರಂಗಕ್ಕೆ ತಿರುಗಿತು. ಎತೆರಿ ಸುತ್ತಿಗೆ ಕೆಳಗಿಟ್ಟು ಹೇಳಿದಳು: "ಇವಳು ಚೆನ್ನಾಗಿ ಆಡ್ತಿದ್ಳು ಕಣ್ರೇ. ಎಪ್ಪತ್ತೆರಡರಲ್ಲಿ ಟಿಬಿಲಿಸೀಲಿ ಇವಳನ್ನ ಸೋಲಿಸೋಕೆ ನಂಗೆ ಎರಡು ದಿನ ಬೇಕಾಯ್ತು."

ಲಮಾರಾ ಕಾಫಿ ಸುರಿಯುತ್ತಲೇ ಇದ್ದಳು. ಬಟ್ಟಲು ತುಂಬಿ ತಟ್ಟೆಗೆ ಹರಿಯಿತು.

"ಸೋಲಿಸಿದ್ರಾ?"

"ರಾಜನ್ನ ಎಡಕ್ಕೆ ಸರಿಸಿದೆ. ಆಮೇಲೆ ನಿನ್ನ ಕೈಲಿ ಏನಿತ್ತು?"

ಹೆಂಗಸರು ಹೋದ ಮೇಲೂ ಲಮಾರಾಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮುದುಕಿಗೆ ಅರಳುಮರಳೇ? ಹಾಗೆಂದರೆ 1958ರಲ್ಲಿ ಆಡಿದ ಒಂದು ಆಟವನ್ನು ನಿನ್ನೆ ತಾನೇ ಮೊದಲಿನಿಂದ ಕೊನೆಯವರೆಗೆ, ಮೂವತ್ತನಾಲ್ಕು ನಡೆಗಳನ್ನು, ಮಣೆ ನೋಡದೆ ಹೇಳಿದ್ದಳಲ್ಲ! ಗೇಲಿಯೇ? ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಲಮಾರಾಗೆ ಸಿಟ್ಟು ಬಂತು. ಕಪಾಟಿನಿಂದ ಪದವಿಯ ಪುಸ್ತಕವನ್ನೂ, ಆ ಪಂದ್ಯಾವಳಿಯ ಫಲಿತಾಂಶದ ಹಾಳೆಯನ್ನೂ ತಂದು ಎತೆರಿಯ ಮಡಿಲಿಗೆ ಹಾಕಿದಳು.

"ಓದಿ."

ಎತೆರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತನ್ನ ಸಾಲನ್ನು ಬೆರಳಿನಿಂದ ಹುಡುಕಿದಳು. ಕೊನೆಯ ಚೌಕದಲ್ಲಿ ಅರ್ಧ ಎಂದಿತ್ತು. ಲಮಾರಾಳ ಸಾಲಿಗೆ ಇಳಿದಳು. ಅಲ್ಲೂ ಅರ್ಧ.

"ಡ್ರಾ?"

"ಡ್ರಾ."

"ಗೆದ್ದ ಆಟ ಅದು."

"ಹೂಂ, ಗೆದ್ದ ಆಟವೇ."

ಎತೆರಿ ಹಾಳೆಯನ್ನು ಮಡಿಲ ಮೇಲಿಟ್ಟಳು. ಆಮೇಲೆ ನಿಜವಾಗಿಯೂ ದಿಕ್ಕು ತೋಚದವಳ ಹಾಗೆ ಲಮಾರಾಳತ್ತ ತಿರುಗಿದಳು. "ನಾನ್ಯಾಕೆ ಡ್ರಾ ಕೊಟ್ಟೆ?"

ಲಮಾರಾಳ ಸಿಟ್ಟು ಎಲ್ಲಿಗೆ ಹೋಯಿತೋ. ಪಕ್ಕದಲ್ಲಿ ಕೂತು, ಸುಖುಮಿಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಹೇಳಿದಳು: ರೈಲು, ಬೇಜಾರು, ಖಾಚಪುರಿ. ಎತೆರಿ ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು.

"ಪರೀಕ್ಷೆ ನವೆಂಬರಲ್ಲಿ ಎಲ್ಲಿರುತ್ತೆ? ಗೆಲ್ಲೋಕೆ ನಂಗೆ ಯಾವತ್ತೂ ಬೇಜಾರಾಗಿಲ್ಲ. ಯಾರೋ ತಿಂದ್ರೆ ನಾನು ಹೆದರ್ತೀನಾ? ಇದನ್ನೆಲ್ಲ ನಿಂಗೆ ಯಾರು ಹೇಳಿದ್ದು?"

"ನೀವೇ."

"ನಾನಾ?" ಎತೆರಿ ಅಕ್ರೋಟು ಒಂದನ್ನು ಎತ್ತಿಕೊಂಡಳು, ಒಡೆಯಲಿಲ್ಲ. "ನಂಬಿದ್ಯಾ?"

"ಒಂದೊಂದು ವರ್ಷ ಒಂದೊಂದನ್ನ ನಂಬಿದೆ."

ಎತೆರಿ ಆ ಮನೆಯಲ್ಲಿ ಆರು ವರ್ಷ ಇದ್ದಳು. ಕೊನೆಗೆ ಆನೆಗಳಷ್ಟೇ ಉಳಿದಾಗ ಆಡುವ ಆಟವನ್ನು ಸಂಘದ ಹೆಣ್ಣುಮಕ್ಕಳಿಗೆ ಕಲಿಸಿದಳು. ಅವಳ ಕೈಯಲ್ಲಿ ಕಲಿತ ಇಬ್ಬರು ಮಾಸ್ಟರ್ ಆದರು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಂದು ಆಟ ಹೂಡುತ್ತಿದ್ದರು. ಹೆಚ್ಚಿನ ಆಟ ಎತೆರಿಯೇ ಗೆದ್ದಳು, ಡ್ರಾ ಮಾತ್ರ ಕೇಳಲಿಲ್ಲ. ಆದರೆ ಮಣೆ ಎತ್ತಿಡುವಾಗ ಆಗಾಗ, ಹೊಸದಾಗಿ ಹೊಳೆದವಳಂತೆ, ಅದೇ ಪ್ರಶ್ನೆ ತೆಗೆಯುತ್ತಿದ್ದಳು. "ಅಲ್ವೇ ಲಮಾರಾ, ನಾನ್ಯಾಕೆ ಕೊಟ್ಟೆ?" ಅವಳು ಮರೆತು ಕೇಳುತ್ತಾಳೋ, ಕೀಟಲೆಗೆ ಕೇಳುತ್ತಾಳೋ ಲಮಾರಾಗೆ ತಿಳಿಯಲಿಲ್ಲ. ಬಾಯಿಗೆ ಬಂದ ಉತ್ತರ ಕೊಡುತ್ತಿದ್ದಳು. ಒಂದು ದಿನ ಶೂ ಕಚ್ಚುತ್ತಿತ್ತು ಎಂದಳು. ಇನ್ನೊಂದು ದಿನ ಪ್ಲಾಟೋನ್‌ರ ಕೆಮ್ಮು ಕೇಳಲಾರದೆ ಎಂದಳು. ಎತೆರಿ ಪ್ರತಿಯೊಂದನ್ನೂ ಗಂಭೀರವಾಗಿ ಯೋಚಿಸಿ, ಅಲ್ಲ ಎನ್ನುತ್ತಿದ್ದಳು.

ಮಾರ್ಚಿನ ಒಂದು ಮಧ್ಯಾಹ್ನ, ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿರುವಾಗ, ಲಮಾರಾ ಸಾಕಾಗಿ ಹೇಳಿದಳು: "ನೀವು ಒಳ್ಳೇವ್ರು, ಅದಕ್ಕೆ ಕೊಟ್ರಿ. ಆಯ್ತಾ?"

ಎತೆರಿ ನಗಲು ಶುರುಮಾಡಿದಳು. ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಸೆವೆರಿಯನ್ ಅಂಗಳದಿಂದ ಓಡಿಬಂದು ಏನಾಯಿತೆಂದು ಕೇಳಿದ.

"ಅದಂತೂ ಅಲ್ವೇ ಅಲ್ಲ," ಎಂದಳು ಎತೆರಿ, ಸೆರಗಿನಂತೆ ಹೊದ್ದ ಶಾಲಿನಿಂದ ಕಣ್ಣು ಒರೆಸಿಕೊಳ್ಳುತ್ತಾ. "ಬೇರೆ ಏನಾದ್ರೂ ಯೋಚ್ನೆ ಮಾಡು."

ಲಮಾರಾ ಎದ್ದು ಹುರುಳಿಕಾಯಿಗೆ ಉಪ್ಪು ಹಾಕಿದಳು. ಆಗಲೇ ಒಮ್ಮೆ ಹಾಕಿದ್ದೆನೋ ಇಲ್ಲವೋ ಎಂದು ಅನುಮಾನವಾಗಿ, ಸೌಟಿನಲ್ಲಿ ಎತ್ತಿ ರುಚಿ ನೋಡಿದಳು.